ಹಿತ್ತಲ ಬಾಗಿಲು ಬಂದ್

ನಮ್ಮೂರಿನಲ್ಲಿ ಮೀನು ತಿನ್ನುವವರು ಒಬ್ಬರೂ ಇಲ್ಲ. ಇದು ನನ್ನ ಮಾತಲ್ಲ, ಕಾಗದದ ಮಾತು. ಕಂಪನಿಯವರು ಮನೆಮನೆಗೆ ಹೋಗಿ ಕೇಳಿಕೊಂಡು ಬಂದು ಹಾಗೆಂದು ಬರೆದಿದ್ದಾರೆ.

ನಾನು ಈ ಊರಿನಲ್ಲಿ ಮೀನು ಮಾರುವವಳು. ಬೆಳಿಗ್ಗೆ ತುಂಬಿದ ಬುಟ್ಟಿ ಹೊತ್ತು ಹೊರಟರೆ ಬಿಸಿಲೇರುವುದರೊಳಗೆ ಬುಟ್ಟಿ ಖಾಲಿ. ಹಾಗಾದರೆ ತಿಂದವರು ಯಾರು? ಬೆಕ್ಕುಗಳೇ ಇರಬೇಕು. ನಮ್ಮೂರ ಬೆಕ್ಕುಗಳು ಸಾಮಾನ್ಯದವಲ್ಲ. ಧೋತರ ಉಡುತ್ತವೆ. ಬುಲೆಟ್ ಗಾಡಿ ಓಡಿಸುತ್ತವೆ. ಸಕ್ಕರೆ ಕಾರ್ಖಾನೆಯ ಚುನಾವಣೆಗೆ ನಿಲ್ಲುತ್ತವೆ. ಶ್ರಾವಣ ಬಂತೆಂದರೆ ಕಟ್ಟೆಯ ಮೇಲೆ ಕುಳಿತು ಊರಿಗೆಲ್ಲ ಆಚಾರ ಹೇಳುತ್ತವೆ.

ನನ್ನ ಹೆಸರು ರತ್ನಮಾಲಾ. ನಾವು ಅಂಬಿಗರು. ನಮ್ಮದು ಗಡಿಯ ಮಹಾರಾಷ್ಟ್ರದ ಕಡೆ, ಗಡಹಿಂಗ್ಲಜದ ಕಚೇರಿಯಲ್ಲಿ ನಮ್ಮನ್ನು ಮರಾಠಿಯಲ್ಲಿ ಭೋಯಿ ಎಂದು ಬರೆಯುತ್ತಾರೆ. ಗಡಹಿಂಗ್ಲಜದಿಂದ ಕೆಳಗೆ, ಹಿರಣ್ಯಕೇಶಿ ಹೊಳೆಯ ದಂಡೆಯ ಮೇಲೆ ನಮ್ಮೂರು. ಹೊಳೆಗೆ ಬಂದು ಸೇರುವ ಒಂದು ಹಳ್ಳದ ಒಂದು ಕಡೆ ಊರು, ನಮ್ಮ ಕೇರಿ ಇನ್ನೊಂದು ಕಡೆ. ನಡುವೆ ಸೇತುವೆ ಇಲ್ಲ, ಕಲ್ಲುಗಳಿವೆ. ಊರವರಿಗೆ ಆ ಕಲ್ಲು ದಾಟಲು ಬರುವುದಿಲ್ಲ. ನಮಗೆ ತಲೆಯ ಮೇಲೆ ಬುಟ್ಟಿ ಹೊತ್ತು ದಾಟಲು ಬರುತ್ತದೆ.

ಊರಲ್ಲಿ ಮೀನು ಮಾರುವುದಕ್ಕೂ ಒಂದು ರೀತಿ ಇದೆ. ನನ್ನ ಅತ್ತೆ ಕಲಿಸಿದ್ದು. ಮೀನಿನ ಮೇಲೆ ಒಂದು ಹಾಸು ಮೆಂತ್ಯದ ಸೊಪ್ಪು ಹರವಬೇಕು. ಮುಂದಿನ ಓಣಿಯಲ್ಲಿ ಹೋಗಬಾರದು. ಮನೆಗಳ ಹಿಂದೆ, ಬಚ್ಚಲ ನೀರು ಹರಿಯುವ ಸಂದಿ ಹಿಡಿದು ಹೋಗಬೇಕು. ಹಿತ್ತಲ ಬಾಗಿಲಿನ ಹತ್ತಿರ ನಿಂತು ಮೆಲ್ಲಗೆ "ಹೊಳಿ ಬದನಿಕಾಯಿ ಬೇಕೇನ್ರಿ?" ಅನ್ನಬೇಕು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಅಂತ ಗಾದೆ ಇದೆಯಲ್ಲ, ನಮ್ಮೂರವರು ಅದನ್ನು ಬಹಳ ಭಕ್ತಿಯಿಂದ ಪಾಲಿಸುತ್ತಾರೆ.

ನನ್ನ ಖಾಯಂ ಗಿರಾಕಿಗಳಲ್ಲಿ ದೊಡ್ಡವನು ಅಲ್ಲಪ್ಪ. ಊರಿನ ಕಬ್ಬಿಗೆಲ್ಲ ಹೊಳೆನೀರು ಹಂಚುವ ಪಾಣಿ ಸಂಸ್ಥೆಯ ಅಧ್ಯಕ್ಷ. ಅವನ ಹೆಂಡತಿ ಗೌರವ್ವ ಹಿತ್ತಲಿನ ಗೋಡೆಯ ಸಂದಿಯಲ್ಲಿ ಸಿಗಿಸಿಟ್ಟ ಒಂದು ಹಳೆಯ ಜರ್ಮನ್ ತಾಟು ತೆಗೆದು ಮುಂದೆ ಹಿಡಿಯುತ್ತಾಳೆ. ನಾನು ಮುಟ್ಟದ ಹಾಗೆ ಮೇಲಿನಿಂದ ಮೀನು ಬಿಡುತ್ತೇನೆ. ತಾಟು ಒಳಗೆ ಹೋಗುತ್ತದೆ. ಗೌರವ್ವ ತಂಬಿಗೆ ಹಿಡಿದು ತಿರುಗಿ ಬರುತ್ತಾಳೆ. ನಾನು ನಿಂತ ಕಲ್ಲಿಗೆ ನೀರು ಹಾಕುತ್ತಾಳೆ. ನಾನು ಇಳಿಯುವವರೆಗೂ ಕಾಯುವುದಿಲ್ಲ. ನೀರು ಕಲ್ಲಿಗೂ ಬೀಳುತ್ತದೆ, ನನ್ನ ಕಾಲಿಗೂ ಬೀಳುತ್ತದೆ. ಚಳಿಗಾಲದಲ್ಲೂ ಅಷ್ಟೆ. ಸಿಟ್ಟಿನಿಂದ ಹಾಕಿದ್ದರೆ ನಾನೂ ನಾಲ್ಕು ಬೈಯಬಹುದಿತ್ತು. ಅವಳು ರೂಢಿಯಿಂದ ಹಾಕುತ್ತಿದ್ದಳು. ಒದ್ದೆ ಕಾಲಲ್ಲೇ ನಾನು ಮುಂದಿನ ಹಿತ್ತಲಿಗೆ ಹೋಗುತ್ತಿದ್ದೆ.

ಹೊಳೆಗೆ ಅಡ್ಡವಾಗಿ ಹಳೆಯ ಕೊಲ್ಹಾಪುರಿ ಬಂಧಾರಾ ಇದೆ. ಕಲ್ಲಿನ ಕಂಬಗಳು, ಕಂಬಗಳ ನಡುವೆ ಸಂದಿಗಳು, ಸಂದಿಗಳಿಗೆ ಕೂರಿಸಿದ ಕಬ್ಬಿಣದ ಹಲಗೆಗಳು. ಆ ಹಲಗೆಗೆ ಬರಗೆ ಅನ್ನುತ್ತೇವೆ. ಮಳೆಗಾಲ ಮುಗಿದ ಮೇಲೆ ಬರಗೆ ಹಾಕಿದರೆ ಕಬ್ಬಿಗೆ ನೀರು ನಿಲ್ಲುತ್ತದೆ. ಮಳೆಗಾಲಕ್ಕೆ ಮುಂಚೆ ತೆಗೆದರೆ ಹೊಳೆಗೆ ಬಿಡುಗಡೆ. ಹಾಕುವವರೂ ನಾವೇ, ತೆಗೆಯುವವರೂ ನಾವೇ. ಕಬ್ಬು ಮಾತ್ರ ಅವರದು.

ನನ್ನ ಗಂಡ ಸತ್ಯಪ್ಪ ಮತ್ತು ಅವನ ತಮ್ಮಂದಿರು ಎದೆಮಟ್ಟದ ನೀರಿಗೆ ಇಳಿಯುತ್ತಾರೆ. ಬರಗೆ ರಾಡಿಯಲ್ಲಿ ಹೂತು ಕಚ್ಚಿಕೊಂಡಿರುತ್ತದೆ. ಮುಳುಗಬೇಕು, ಕೊಕ್ಕೆ ಸಿಗಿಸಬೇಕು, ಮೇಲೆ ಬಂದು ಉಸಿರು ಹಿಡಿದು ಜಗ್ಗಬೇಕು. ಕಬ್ಬಿಣದ ಅಂಚು ಅಂಗೈ ಸೀಳುತ್ತದೆ. ಸತ್ಯಪ್ಪನ ಎಡಗೈ ಹೆಬ್ಬೆರಳು ಹಲಗೆಯ ಕೆಳಗೆ ಸಿಕ್ಕು ಚಪ್ಪಟೆಯಾಗಿದೆ. ಕಿವಿಯೊಳಗೆ ನೀರು ನುಗ್ಗಿ ನುಗ್ಗಿ ಒಂದು ಕಿವಿ ಹೋಗಿದೆ. ನಾನು ಬೈಯುವಾಗ ಆ ಕಿವಿಯನ್ನೇ ನನ್ನ ಕಡೆ ತಿರುಗಿಸುತ್ತಾನೆ, ಜಾಣ.

ಹೊಳೆ ಹುಟ್ಟುವ ಅಂಬೋಲಿ ಘಾಟದಲ್ಲಿ ಮಳೆ ಹಿಡಿಯಿತೆಂದರೆ ಹೊಳೆಗೆ ಕೆಂಪು ನೀರು ಬರುತ್ತದೆ. ಆಗ ಏರುಮೀನು ಏರುತ್ತವೆ. ಹೊಟ್ಟೆ ತುಂಬ ತತ್ತಿ ಹೊತ್ತು, ಸಂಕೇಶ್ವರದ ಕಡೆಯಿಂದ, ನೀರಿಗೆ ಎದೆಗೊಟ್ಟು ಮೇಲಕ್ಕೆ ಬರುತ್ತವೆ. ಬರಗೆ ತೆಗೆದ ಸಂದಿಯಲ್ಲಿ ನುಗ್ಗಿ ಮೇಲಿನ ಮಡುವಿಗೆ ಹೋಗಿ ತತ್ತಿ ಇಡುತ್ತವೆ. ಆ ತತ್ತಿಯಿಂದಲೇ ವರ್ಷವಿಡೀ ಮಡುವಿನಲ್ಲಿ ಮೀನು. ಆ ಮಡುವೇ ನಮ್ಮ ಹೊಲ. ಬೇರೆ ಹೊಲ ನಮ್ಮ ಕೇರಿಯಲ್ಲಿ ಯಾರಿಗೂ ಇಲ್ಲ.

ಈಗ ಒಂದು ಕಂಪನಿ ಬಂದಿದೆ. ಹಳೆಯ ಬಂಧಾರಾ ಒಡೆದು ಎತ್ತರದ ಗಟ್ಟಿ ಗೋಡೆ ಕಟ್ಟುತ್ತಾರಂತೆ. ಕರೆಂಟು ತೆಗೆಯುತ್ತಾರಂತೆ. ಕಬ್ಬಿಗೆ ಇನ್ನೂ ಹೆಚ್ಚು ನೀರಂತೆ. ಮೊದಲಿನ ನಕಾಶೆಯಲ್ಲಿ ಗೋಡೆಯ ಪಕ್ಕದಲ್ಲಿ ಮೀನು ಏರಲು ನೀರಿನ ಪಾವಟಿಗೆಗಳು, ಅಂದರೆ ಮೆಟ್ಟಿಲುಗಳು ಇದ್ದವು. ಆಮೇಲೆ ತೆಗೆದುಹಾಕಿದರು. ಯಾಕೆ ತೆಗೆದರು ಅನ್ನುವುದು ನನಗೆ ಗೊತ್ತು, ಯಾಕೆಂದರೆ ಆ ಹೊತ್ತಿನಲ್ಲಿ ನಾನು ಅಲ್ಲೇ ಇದ್ದೆ.

ಕಂಪನಿಯ ಇಂಜಿನಿಯರ್ ಹುಡುಗಿ ಋತುಜಾ ಕೊಲ್ಹಾಪುರದಿಂದ ಬಂದಿದ್ದಳು. ಕೊಡೆ ಹಿಡಿದುಕೊಂಡು ಮನೆಮನೆ ತಿರುಗಿ ಕೇಳುತ್ತಿದ್ದಳು. ದಾರಿ ತೋರಿಸಲು ಜೊತೆಗೆ ಅಲ್ಲಪ್ಪ. ಅವನ ಮನೆಯ ಮುಂಬಾಗಿಲಲ್ಲಿ ಅವಳು ನಿಂತು "ಮಾಸೆ ಖಾತಾ ಕಾ ತುಮ್ಹೀ?" ಅಂತ ಮರಾಠಿಯಲ್ಲಿ ಕೇಳಿದಾಗ ನಾನು ಹಿಂಬಾಗಿಲಲ್ಲಿ ಬುಟ್ಟಿ ಇಳಿಸಿದ್ದೆ.

"ಮೀನಾ? ಶಿವಶಿವಾ! ನಮ್ಮ ಮನ್ಯಾಗ ಅದರ ಹೆಸರ ಎತ್ತಿದ್ರ ಹುಡುಗ್ರಿಗೆ ಜ್ವರ ಬರ್ತಾವ್ರಿ ಬಾಯಿ," ಅಂದ ಅಲ್ಲಪ್ಪ.

ಇತ್ತ ಗೌರವ್ವ ತಾಟು ಮುಂದೆ ಹಿಡಿದು, "ಇನ್ನೊಂದ್ ಹಾಕ, ದೊಡ್ಡದು ನೋಡಿ," ಅಂತ ಪಿಸುಗುಟ್ಟಿದಳು.

ನನಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡೆ. ಅಷ್ಟರಲ್ಲಿ ಆ ಹುಡುಗಿ, ಹಳ್ಳದ ಆಚೆ ಮನೆಗಳಿವೆಯೇನು ಅಂತ ಕೇಳಿದಳು.

"ಅಲ್ಲಿ ಯಾರೂ ಇಲ್ರಿ," ಅಂದ ಅಲ್ಲಪ್ಪ.

ಬಾಯಿಗೊತ್ತಿದ ಸೆರಗು ಕೆಳಗಿಳಿಸಿದೆ. ಅವನ ಹಿತ್ತಲಲ್ಲಿ ನಿಂತುಕೊಂಡು, ಅವನಿಗೇ ಮೀನು ಕೊಡುತ್ತ, ನಾನು ಇಲ್ಲ ಅನ್ನುವುದನ್ನು ಕೇಳಿಸಿಕೊಂಡೆ. ಗೌರವ್ವ ತಂಬಿಗೆ ತಂದು ಕಲ್ಲಿಗೆ ನೀರು ಹಾಕಿದಳು. ಕಾಲು ಒದ್ದೆಯಾಯಿತು. ಇಲ್ಲದವಳ ಕಾಲು ಅದ್ಹೇಗೆ ಒದ್ದೆಯಾಗುತ್ತದೋ ನನಗೆ ತಿಳಿಯಲಿಲ್ಲ.

ಜನಸುನಾವಣಿ ಅಂತ ಡಂಗುರ ಸಾರಿದರು. ಊರವರು ಏನು ಹೇಳಬೇಕೋ ಹೇಳಬಹುದು, ಅದನ್ನು ಕೇಳಿಯೇ ಗೋಡೆಗೆ ಪರವಾನಗಿ. ಸೋಮವಾರ, ಊರಿನ ಮಂಗಲ ಕಾರ್ಯಾಲಯದಲ್ಲಿ. ನಾನು ಮತ್ತು ಸತ್ಯಪ್ಪ ತೊಳೆದ ಬಟ್ಟೆ ಉಟ್ಟುಕೊಂಡು ಹೋದೆವು. ಬಾಗಿಲಲ್ಲೇ ಒಬ್ಬ ಕೈ ಅಡ್ಡ ಹಿಡಿದ. "ಇಲ್ಲೇ ಹೊರಗ ನಿಂದರ್ರಿ. ಒಳಗ ಮದಿವಿ ಊಟ ಆಗೋ ಜಾಗಾ. ವಾಸನಿ ಹತ್ತತೈತಿ." ಚಪ್ಪಲಿ ಬಿಡುವ ಕಡೆ ನಿಂತೆವು. ಊರಿನ ಚಪ್ಪಲಿಗಳಿಗೆ ಯಾವ ವಾಸನೆ ಇರುತ್ತದೆ ಅನ್ನುವುದು ನನಗೆ ಅಂದು ಚೆನ್ನಾಗಿ ತಿಳಿಯಿತು.

ಒಳಗೆ ಋತುಜಾ ಪರದೆಯ ಮೇಲೆ ಚಿತ್ರ ತೋರಿಸಿದಳು. ಕೊನೆಗೆ ಹೇಳಿದಳು: ಈ ಊರಿನಲ್ಲಿ ಮೀನು ಹಿಡಿಯುವವರೂ ಇಲ್ಲ, ತಿನ್ನುವವರೂ ಇಲ್ಲ, ಆದ್ದರಿಂದ ಮೀನಿನ ಪಾವಟಿಗೆ ಕೈಬಿಟ್ಟಿದ್ದೇವೆ.

ಸುನಾವಣಿ ನಡೆಸಲು ಬಂದ ಸರಕಾರಿ ಸಾಹೇಬರು ಶಿರೋಳದ ಕಡೆಯವರು. ಕನ್ನಡ ಬರುತ್ತಿತ್ತು. "ಯಾರದಾರ ತಕರಾರು ಐತೇನ್ರಿ?" ಅಂದರು.

"ಐತ್ರಿ!" ಅಂದೆ, ಚಪ್ಪಲಿಗಳ ನಡುವಿನಿಂದ.

ತಲೆಗಳೆಲ್ಲ ತಿರುಗಿದವು. "ಯಾರದು?" ಅಂದರು ಸಾಹೇಬರು.

"ಇಲ್ಲದಾಕಿರಿ. ಹಳ್ಳದ ಆಚಿ ಕಡೀದಾಕಿ. ನಾವು ಮೀನ ಹಿಡಿಯೋರು. ಆ ಗ್ವಾಡಿಗೆ ದಾರಿ ಇಟ್ಟಿಲ್ಲಂದ್ರ ಮ್ಯಾಲಿನ ಮಡು ಬರಿದಾಕ್ಕೈತಿ. ನಾವು ಎಲ್ಲಿಗೆ ಹೋಗೋಣ್ರಿ?"

ಅಲ್ಲಪ್ಪ ಎದ್ದ. "ಸಾಹೇಬ್ರ, ಆಕಿ ಮಾತ ಕಿವಿಮ್ಯಾಲ ಹಾಕ್ಕೋಬ್ಯಾಡ್ರಿ. ಹಿಡದು ಯಾರಿಗೆ ಮಾರ್ತಾಳಾಕಿ? ಇದು ಶುದ್ಧ ಊರರಿ."

ಸಾಹೇಬರು ಕೆಟ್ಟವರಲ್ಲ. ಒಂದು ಕ್ಷಣ ಯೋಚಿಸಿ, "ಆತು, ಕೇಳೇ ಬಿಡೋಣು. ಮೀನ ತಿನ್ನೋರು ಯಾರಾರ ಇದ್ರ ಕೈ ಎತ್ರಿ," ಅಂದರು.

ಒಂದು ಕೈಯೂ ಮೇಲೇಳಲಿಲ್ಲ. ನಾನು ಬಾಗಿಲಿನಿಂದ ಒಬ್ಬೊಬ್ಬರ ಮುಖ ನೋಡಿದೆ. ತಲೆಯ ಭಾಗವೇ ಬೇಕು ಅನ್ನುವವನು ತೊಲೆ ನೋಡಿದ. ಬಾಣಂತಿ ಸೊಸೆಗೆಂದು ಒಯ್ದು ತಾನೇ ತಿನ್ನುವವಳು ಬಳೆ ಎಣಿಸಿದಳು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ ಅನ್ನುತ್ತಾರೆ. ಅಂದು ಒಂದು ಮಂಗಲ ಕಾರ್ಯಾಲಯದ ತುಂಬ ಬೆಕ್ಕುಗಳು ಕಣ್ಣು ಮುಚ್ಚಿದ್ದವು. ಅಲ್ಲಪ್ಪನ ಹಣೆಯ ಮೇಲೆ ಬೆವರು. ಎಲ್ಲರ ಹೆಸರೂ ನನ್ನ ನಾಲಿಗೆಯ ತುದಿಯಲ್ಲಿತ್ತು. ಆದರೆ ನಾನು ಮೀನು ಮಾರುವವಳು, ಗಿರಾಕಿಯ ಗುಟ್ಟು ಮಾರುವವಳಲ್ಲ. ಹೇಳಿದ್ದರೂ ಸುಳ್ಳಿ ಅನ್ನಿಸಿಕೊಂಡು ಬರುತ್ತಿದ್ದೆ, ಅಷ್ಟೆ.

"ಬರಕೋರಿ ಸಾಹೇಬ್ರ," ಅಂದೆ. "ಊರಾಗ ಯಾರೂ ಮೀನ ತಿನ್ನಂಗಿಲ್ಲ. ಇಷ್ಟ ದೊಡ್ಡ ಮಂದಿ ಹೇಳಿದ್ದ ಸುಳ್ಳ ಆಗಬಾರದು. ನಾಳಿಂದ ಅದನ್ನ ನಾ ಖರೇ ಮಾಡ್ತೇನಿ. ಹಿತ್ತಲ ಬಾಗಲಾ ಬಂದ್."

"ಯಾವ ಹಿತ್ತಲ?" ಅಂದರು ಸಾಹೇಬರು.

"ಅವರನ್ನ ಕೇಳ್ರಿ."

ಸಾಹೇಬರು ಗಡಿಯಾರ ನೋಡಿಕೊಂಡರು. ಇವತ್ತಿನ ಮಾತನ್ನೆಲ್ಲ ಬರೆಸಿ, ಮುಂದಿನ ಸೋಮವಾರ ಊರಿಗೆ ಓದಿ ಹೇಳಿ, ಒಪ್ಪಿಗೆ ತೆಗೆದುಕೊಂಡು ಮೇಲೆ ಕಳಿಸುತ್ತೇನೆ ಅಂದರು. ಅದು ಹೋದರೆ ಪರವಾನಗಿ ಬಂದಂತೆಯೇ.

ಕಲ್ಲು ದಾಟುವಾಗ ಸತ್ಯಪ್ಪ ಕೇಳಿದ. "ಅವ್ರಿಗೆ ಮೀನ ಇಲ್ಲಂದ್ರ ಕಾಯಿಪಲ್ಲೆ ತಿಂತಾರ. ನಾವ್ ಏನ್ ತಿನ್ನೋಣು?"

"ಮೀನ ತಿನ್ನೋಣು," ಅಂದೆ. ಅವನು ಕೇಳದ ಕಿವಿ ನನ್ನ ಕಡೆ ತಿರುಗಿಸಿದ.

ಮರುದಿನ ನಾನು ಬುಟ್ಟಿಯ ಮೇಲೆ ಸೊಪ್ಪು ಹಾಕಲಿಲ್ಲ. ಹಿಂದಿನ ಸಂದಿ ಹಿಡಿಯಲಿಲ್ಲ. ಊರ ಮುಂದಿನ ಓಣಿಯಲ್ಲಿ, ನಡುಬೀದಿಯಲ್ಲಿ, ಮೀನಿನ ಬುಟ್ಟಿ ತೆರೆದು ಹೊತ್ತು ನಡೆದೆ. "ಮೀನ ಬೇಕೇನ್ರಿ, ಮೀನ! ಹೊಳಿ ಮೀನ!" ನನ್ನ ದನಿ ಇಷ್ಟು ದೊಡ್ಡದಿದೆ ಅಂತ ನನಗೇ ಗೊತ್ತಿರಲಿಲ್ಲ. ಕಿಟಕಿಗಳು ಪಟಪಟ ಮುಚ್ಚಿದವು. ಹಿತ್ತಲ ಕಡೆ ಬಾ ಅಂತ ಒಂದಿಬ್ಬರು ಕಣ್ಣಲ್ಲೇ ಸನ್ನೆ ಮಾಡಿದರು. "ಹಿತ್ತಲಾಗ ಯಾರೂ ಇಲ್ರಿ," ಅಂದು ಮುಂದೆ ಹೋದೆ.

ಓಣಿಯ ತಿರುವಿನಲ್ಲಿ ಶಾಲನ ಕಾಕುವಿನ ಮನೆ. ಹೆಸರು ಶಾಲನ, ಊರಿಗೆಲ್ಲ ಕಾಕು, ಅಂದರೆ ಚಿಕ್ಕಮ್ಮ. ಜೈನರ ಮನೆ. ಗಂಡ ತೀರಿದ ಮೇಲೆ ಹೊಲ, ಪಂಪು, ಎಮ್ಮೆ ಎಲ್ಲ ತಾನೇ ನೋಡಿಕೊಂಡ ಗಟ್ಟಿ ಹೆಂಗಸು. ಉಳ್ಳಾಗಡ್ಡಿ ಮುಟ್ಟುವುದಿಲ್ಲ. ಹೊತ್ತು ಮುಳುಗಿದ ಮೇಲೆ ಬಾಯಿಗೆ ಏನೂ ಹಾಕುವುದಿಲ್ಲ. ಅವಳ ಮನೆಗೆ ಹಿತ್ತಲ ಬಾಗಿಲೇ ಇಲ್ಲ, ಹಿಂದೆ ಬಸದಿಯ ಗೋಡೆ. ಹಾಗಾಗಿ ನನ್ನನ್ನು ಮುಂದಿನಿಂದಲೇ ಬೈಯುವ ಒಬ್ಬಳೇ ಒಬ್ಬಳು ಅವಳು.

"ಏ ರತ್ನಮಾಲಾ, ಪಾಪದ ಬುಟ್ಟಿ ಹೊತ್ತಾಕಿ! ಇಂದ ನಡು ಓಣ್ಯಾಗ ಮೆರವಣಿಗಿ ಹೊಂಟಿ? ಯಾವ ನರಕಕ್ಕ ಹಾದಿ ಹಿಡದಿ?"

"ದಿನಾ ಅಲ್ಲಪ್ಪಣ್ಣಾರ ಹಿತ್ತಲಕ್ಕ ಹೋಗ್ತಿದ್ದೆ ಕಾಕು. ಇಂದ ಬಂದ್ ಮಾಡೇನಿ."

ಕಾಕು ಮುಖ ಆ ಕಡೆ ತಿರುಗಿಸಿದಳು. ನಗುತ್ತಿದ್ದಾಳೆ ಅಂತ ಭುಜ ಹೇಳುತ್ತಿತ್ತು.

ಆ ವಾರ ಎಸ್ಟಿ ಬಸ್ಸು ಹಿಡಿದು ಗಡಹಿಂಗ್ಲಜದ ಬಜಾರಕ್ಕೆ ಹೋಗಿ ಮಾರಿದೆ. ಬುಟ್ಟಿ ನೋಡಿ ಕಂಡಕ್ಟರ್ ಮೂಗು ಮುಚ್ಚಿಕೊಂಡ. ಹಿಂದಿನ ಬಾಗಿಲ ಹತ್ತಿರ ನಿಂತೇ ಹೋದೆ. ಕಾಲು ನೋಯುತ್ತಿದ್ದವು. ಆದರೆ ಒದ್ದೆ ಆಗಿರಲಿಲ್ಲ.

ವಾರದ ನಡುವೆ ಅಂಬೋಲಿಯಲ್ಲಿ ಮಳೆ ಹಿಡಿಯಿತು. ಹೊಳೆ ಕೆಂಪಾಯಿತು. ಬರಗೆಗಳು ಇನ್ನೂ ಹಾಗೆಯೇ ಇದ್ದವು. ಹೇಗೂ ಹಳೆಯ ಬಂಧಾರಾ ಒಡೆಯುವುದೇ ಅಲ್ಲವೇ, ತೆಗೆಯುವ ಕೂಲಿ ಯಾಕೆ ದಂಡ ಅಂತ ಪಾಣಿ ಸಂಸ್ಥೆ ನಮ್ಮವರನ್ನು ಕರೆದಿರಲಿಲ್ಲ.

ಬೆಳಿಗ್ಗೆ ಸತ್ಯಪ್ಪನೂ ನಾನೂ ಹೋಗಿ ನೋಡಿದೆವು. ಏರುಮೀನು ಬಂದಿದ್ದವು. ಒಂದೊಂದೇ ನೀರಿನಿಂದ ಎದ್ದು ಕಬ್ಬಿಣಕ್ಕೆ ಬಡಿಯುತ್ತಿದ್ದವು. ಬಡಿದು ಬೀಳುತ್ತಿದ್ದವು. ಮತ್ತೆ ಏಳುತ್ತಿದ್ದವು. ದಪ್ಪ ದಪ್ಪ ಹೊಟ್ಟೆಗಳು. ಕೆಲವು ಹೊಟ್ಟೆ ಒಡೆದು ತತ್ತಿ ಕಲ್ಲಿನ ಮೇಲೆಲ್ಲ ಚೆಲ್ಲಿತ್ತು. ಕೈ ಚಾಚಿದರೆ ಬುಟ್ಟಿ ತುಂಬುವಷ್ಟು ಮೀನು. ನನಗೆ ಕೈ ಚಾಚಲು ಮನಸ್ಸಾಗಲಿಲ್ಲ. ನಾನು ಮೀನು ಕೊಂದೇ ಹೊಟ್ಟೆ ಹೊರೆದವಳು, ಆದರೆ ಹೀಗೆ ಸಾಯುವುದನ್ನು ನೋಡಿ ಅಳು ಬಂತು.

"ಇದೇನ ಇದು?" ಅಂತ ಹಿಂದಿನಿಂದ ದನಿ ಕೇಳಿಸಿತು.

ಶಾಲನ ಕಾಕು. ಕೈಯಲ್ಲಿ ಒದ್ದೆ ಅರಿವೆ. ಅವಳು ಕುಡಿಯುವ ನೀರನ್ನು ಅರಿವೆಯಲ್ಲಿ ಸೋಸುತ್ತಾಳೆ. ಸೋಸಿದ ಅರಿವೆಯನ್ನು ಹಾಗೇ ಒಣಹಾಕುವುದಿಲ್ಲ. ಅದರಲ್ಲಿ ಕಣ್ಣಿಗೆ ಕಾಣದ ಜೀವಗಳು ಉಳಿದಿರುತ್ತವಂತೆ. ಎಲ್ಲಿಂದ ನೀರು ತಂದಳೋ ಅಲ್ಲಿಗೇ ಬಂದು ಅರಿವೆಯನ್ನು ನೀರಿನಲ್ಲಿ ಅದ್ದಿ, ಜೀವಗಳನ್ನು ಅವುಗಳ ಮನೆಗೆ ಬಿಟ್ಟು ಹೋಗುತ್ತಾಳೆ. ನಾವೆಲ್ಲ ಅದನ್ನು ನೋಡಿ ನಕ್ಕವರೇ.

ಅವಳು ಬಹಳ ಹೊತ್ತು ನಿಂತು ನೋಡಿದಳು. ಒಂದು ಮೀನು ಅವಳ ಕಾಲ ಹತ್ತಿರವೇ ಬಿದ್ದು ಒದ್ದಾಡಿತು.

"ಸತ್ಯಪ್ಪಾ, ತೆಗಿಯೋ ಅದನ್ನ."

"ಸಂಸ್ಥೆಯವ್ರು ಹೇಳಿಲ್ರಿ ಕಾಕು."

"ನಾ ಹೇಳಾಕತ್ತೇನಿ. ಸಂಸ್ಥಾದಾಗ ನನ್ನ ಹೊಲಾನೂ ಐತಿ. ತೆಗಿ!"

ಸತ್ಯಪ್ಪ ಅಂಗಿ ಬಿಚ್ಚಿದ. ತಮ್ಮಂದಿರನ್ನು ಕೂಗಿದೆ. ಆ ಸೆಳವಿನಲ್ಲಿ ಬರಗೆಗೆ ಕೈ ಹಾಕುವುದು ಹುಚ್ಚುತನ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದ. ಹಗ್ಗದ ಇನ್ನೊಂದು ತುದಿ ಕಂಬಕ್ಕೆ ಸುತ್ತಿ ನಾನು ಹಿಡಿದೆ. ಹಗ್ಗ ಅಂಗೈ ಸುಟ್ಟಿತು. ಒಂದು ಹೊತ್ತಿನಲ್ಲಿ ನನ್ನ ಕಾಲು ಜಾರಿತು. ಹಿಂದಿನಿಂದ ಯಾರೋ ಹಗ್ಗ ಜಗ್ಗಿ ಹಿಡಿದರು. ತಿರುಗಿ ನೋಡಿದರೆ ಕಾಕು. ಸೋಸುವ ಅರಿವೆಯನ್ನು ಅಂಗೈಗೆ ಸುತ್ತಿಕೊಂಡು ಕಾಲೂರಿ ನಿಂತಿದ್ದಳು. "ನನ್ನ ಏನ್ ನೋಡ್ತಿ? ಅಂವನ್ನ ನೋಡ!" ಅಂದಳು.

ಒಂದು ಸಂದಿ ತೆರೆಯಿತು. ಒಂದೇ. ನೀರು ಭೋರೆಂದು ನುಗ್ಗಿತು. ಮೀನುಗಳು ಆ ನೀರಿಗೇ ಎದುರಾಗಿ, ಒಂದರ ಹಿಂದೆ ಒಂದು, ಮೇಲೆ ಹೋದವು. ಸತ್ಯಪ್ಪ ದಂಡೆಯ ಮೇಲೆ ಬಿದ್ದು ರಾಡಿ ನೀರು ಕಾರಿದ. ಕಾಕು ಅರಿವೆ ಬಿಚ್ಚಿ, ನೀರಿನಲ್ಲಿ ಅದ್ದಿ, ಹಿಂಡಿಕೊಂಡು ಮನೆಗೆ ಹೋದಳು.

ಭಾನುವಾರ ಸಂಜೆ ನಮ್ಮ ಕೇರಿಯಲ್ಲಿ ಗದ್ದಲವೆದ್ದಿತು. ಹೋಗಿ ನೋಡಿದರೆ ಹಳ್ಳದಲ್ಲಿ ಅಲ್ಲಪ್ಪ. ಕಲ್ಲು ದಾಟಲು ಬಂದು ಜಾರಿ ಸೊಂಟದವರೆಗೆ ರಾಡಿಯಲ್ಲಿ ನಿಂತಿದ್ದ. ಬಿಳಿ ಧೋತರ ಎಮ್ಮೆಯ ಬಣ್ಣಕ್ಕೆ ತಿರುಗಿತ್ತು. ಸತ್ಯಪ್ಪ ಕೈ ಕೊಟ್ಟು ಮೇಲೆತ್ತಿದ. ಹುಟ್ಟಿದಾಗಿನಿಂದ ಅಲ್ಲಪ್ಪ ನಮ್ಮ ಕೇರಿಗೆ ಬಂದದ್ದು ಅದೇ ಮೊದಲು.

"ಅಬಾಬಾ, ಅಧ್ಯಕ್ಷರ! ಇಲ್ಲಿ ಯಾರೂ ಇಲ್ಲಂತಿದ್ರಿ? ಯಾರ್ನ ಹುಡುಕ್ಕೋತ ಬಂದ್ರಿ?" ಅಂದೆ.

"ಚ್ಯಾಷ್ಟಿ ಸಾಕ, ರತ್ನಾ." ಅವನ ದನಿ ಇಳಿದಿತ್ತು. "ಏರುಮೀನಿನ ಹಂಗಾಮು. ನಾಲಿಗಿ ಕೆಟ್ಟಹೋಗೈತಿ. ಸಪ್ಪನ ಬ್ಯಾಳಿ ತಿಂದು ತಿಂದು ಮಾರಿ ನೋಡ ಹೆಂಗಾಗೈತಿ. ಮೊದಲಿನಂಗ ಹಿತ್ತಲಕ್ಕ ಬಾರವಾ."

"ಮುಂದಿನ ಬಾಗಲಕ್ಕ ಬರ್ತೇನ್ರಿ."

"ಮುಂದ ದೇವರ ಜಗಲಿ ಐತೆವಾ!"

"ಹಿತ್ತಲಿನಿಂದ ತಂದ್ರ ದೇವರಿಗೆ ವಾಸನಿ ಬರಂಗಿಲ್ಲೇನ್ರಿ? ಅವಂದೂ ನಿಮ್ಮಂಗ ನೆಗಡಿ ಮೂಗೇನು?"

ಕೇರಿಯ ಹೆಂಗಸರು ಕಿಸಕ್ಕನೆ ನಕ್ಕರು. ಅಲ್ಲಪ್ಪ ಕೂಡ ನಗಲೋ ಬೇಡವೋ ಅನ್ನುವಂತೆ ಹಲ್ಲು ಬಿಟ್ಟ. ಆಮೇಲೆ ಮುಖ ಗಂಟು ಹಾಕಿಕೊಂಡ. "ನಾಳೆ ಓದಿ ಸಹಿ ಆದ್ರ ಮುಗೀತು. ಗ್ವಾಡಿ ಏಳೂದ ಏಳತೈತಿ. ನೀ ಇಷ್ಟ ಹಟಾ ಮಾಡಿ ಏನ್ ಗಳಸ್ತಿ?"

"ಗ್ವಾಡಿ ಎದ್ದ ಮ್ಯಾಲ ಹಿತ್ತಲಕ್ಕೂ ಮೀನ ಇಲ್ಲ, ಮುಂದಕ್ಕೂ ಇಲ್ಲ. ಆವಾಗ ಸಪ್ಪನ ಬ್ಯಾಳಿ ಒಂದ ವಾರದ್ದಲ್ಲರಿ, ಜನ್ಮದ್ದು. ಹೋಗ್ರಿ, ಇದನ್ನ ಗೌರಕ್ಕಗ ಹೇಳ್ರಿ."

ಅವನು ಹೇಳಿದನೋ ಇಲ್ಲವೋ. ಕಲ್ಲು ದಾಟಿಸಿ ಬಿಟ್ಟು ಬಂದ ಸತ್ಯಪ್ಪ, "ಅಂವ ದಾರಿಯುದ್ದಕ್ಕೂ ನನ್ನ ಕೈ ಬಿಡಲಿಲ್ಲ," ಅಂದ.

ಸೋಮವಾರ ಮಂಗಲ ಕಾರ್ಯಾಲಯ ತುಂಬಿತ್ತು. ನಾನು ಬುಟ್ಟಿ ಹೊತ್ತುಕೊಂಡೇ ಹೋದೆ. ಬಾಗಿಲಲ್ಲಿ ಹೋದ ವಾರದವನೇ ಕೈ ಅಡ್ಡ ಹಿಡಿದ. "ಚಪ್ಪಲಿ ಕಡೆ ನಿಂದರ."

"ನಿಂದರಂಗಿಲ್ಲ," ಅಂದೆ. "ಅವತ್ತ ನಿಂತು ಸಾಕಾಗೈತಿ."

ಅವನ ತೋಳು ಸರಿಸಿದೆ. ನನ್ನ ಕೈಯ ಮೀನಿನ ಪಸೆ ಅವನ ಇಸ್ತ್ರಿ ಮಾಡಿದ ಅಂಗಿಗೆ ಹತ್ತಿತು. ಅವನು ಅಂಗಿ ನೋಡಿಕೊಳ್ಳುವುದರೊಳಗೆ ನಾನು ಒಳಗಿದ್ದೆ. ಎಲ್ಲಿ ಕೂರಬೇಕೆಂದು ತಿಳಿಯಲಿಲ್ಲ. ಹೆಂಗಸರ ಕಡೆ ಜಮಖಾನೆಯ ಮೇಲೆ ಯಾರೂ ಜರುಗಲಿಲ್ಲ.

"ಬುಟ್ಟಿ ಅತ್ತಾಗ ಇಡ, ಮೂಗ ಒಡ್ಯುವಂಗ ವಾಸನಿ ಹೊಡ್ಯಾಕತ್ತೈತಿ," ಅಂತ ಶಾಲನ ಕಾಕು ಬೈದಳು. ಬೈಯುತ್ತಲೇ ಪಕ್ಕಕ್ಕೆ ಜರುಗಿದಳು. "ನೀ ಇಲ್ಲಿ ಕುಂಡ್ರ."

ಸಾಹೇಬರು ಓದಿಸಿದರು. ಗೋಡೆಯ ಎತ್ತರ, ಕರೆಂಟು, ಕಬ್ಬಿನ ನೀರು. ಕೊನೆಯಲ್ಲಿ: "ಸದರಿ ಗ್ರಾಮದಲ್ಲಿ ಮೀನು ಸೇವಿಸುವವರು ಯಾರೂ ಇರುವುದಿಲ್ಲ. ಮೀನಿನ ಮಾರ್ಗದ ಅಗತ್ಯವಿರುವುದಿಲ್ಲ." ಆಮೇಲೆ ಕೇಳಿದರು. "ಇದಕ್ಕ ಎಲ್ಲಾರದೂ ಒಪ್ಪಿಗಿ ಐತ್ರೀ? ಕಡೀ ಸಲ ಕೇಳ್ತೇನಿ. ಮೀನ ತಿನ್ನೋರು ಯಾರಾರ ಅದಾರೇನು?"

ನನ್ನ ಪಕ್ಕದಲ್ಲಿ ಒಂದು ಕೈ ಮೇಲೆದ್ದಿತು. ಶಾಲನ ಕಾಕುವಿನ ಕೈ.

ಅಲ್ಲಪ್ಪ ಬಾಯಿ ತೆರೆದವನು ಮುಚ್ಚಲು ಮರೆತ.

"ಕಾಕು! ನೀವು?" ಅಂದ.

"ನಾನ ನೋಡಪಾ. ಉಳ್ಳಾಗಡ್ಡಿ ಸೈತ ತಿನ್ನದಾಕಿ. ತಿನ್ನೋರು ಯಾರೂ ಕೈ ಎತ್ತವಲ್ರು, ಅದಕ್ಕ ತಿನ್ನದಾಕಿ ಎತ್ತೇನಿ." ಕಾಕು ಎದ್ದು ನಿಂತಳು. "ಸಾಹೇಬ್ರ, ನೀವು ಕೇಳೋ ಪ್ರಶ್ನಾನ ನನಗ ತಿಳಿವಲ್ದು. ತಿನ್ನೋರು ಇದ್ರ ಅದಕ್ಕ ದಾರಿ, ಇಲ್ಲಂದ್ರ ಇಲ್ಲೇನು? ಯಾರರ ತಿಂತೇವಿ ಅಂತ ಹೇಳಿದ್ರನ ಒಂದ ಜೀವ ಬದುಕಬೇಕೇನ್ರಿ? ಅರಿವ್ಯಾಗ ಸಿಕ್ಕ ಕಣ್ಣಿಗೆ ಕಾಣದ ಜೀವಾನೂ ನಾ ತಿರುಗಿ ಹೊಳಿಗೆ ಬಿಟ್ಟ ಬರ್ತೇನಿ. ಮೊನ್ನೆ ನೋಡೇನಿ, ಹೊಟ್ಟೀಲಿದ್ದಾವು ಕಬ್ಬಣಕ್ಕ ತಲಿ ಬಡಕೊಂಡು ಸಾಯಾಕತ್ತಿದ್ದವು. ಆ ಪಾಪ ನನ್ನ ಕಬ್ಬಿನ ನೀರಾಗ ಬ್ಯಾಡ. ಗ್ವಾಡಿ ಕಟ್ರಿ. ದಾರಿ ಬಿಟ್ಟ ಕಟ್ರಿ."

ನನ್ನ ಕಡೆ ತಿರುಗಿದಳು. "ಹಂಗಂತ ನೀ ಅಲ್ಲೇ ನಿಂತು ಎಲ್ಲಾ ಬಾಚಿಕೊಳ್ಳಬ್ಯಾಡ ಮತ್ತ. ಆ ಪಾಪ ನಿಂದು."

"ಅರ್ಧಾ ನಂದು ಕಾಕು," ಅಂದೆ. "ಅರ್ಧಾ ತಿಂದವರದು."

ಯಾರೋ ಹಿಂದೆ ನಕ್ಕರು. ಅಲ್ಲಪ್ಪ ಎದ್ದು, "ಇದು ಧರ್ಮದ ಮಾತಾತ್ರಿ ಸಾಹೇಬ್ರ. ಖರೇ ಖರೇ ತಿನ್ನೋರು ಮಾತ್ರ ಯಾರೂ..." ಅನ್ನುತ್ತಿದ್ದ.

"ನಮ್ಮ ಮನ್ಯಾಗ ತಿಂತಾರ್ರಿ."

ಗೌರವ್ವ. ಕೂತಲ್ಲಿಂದಲೇ ಹೇಳಿದಳು. ಸೆರಗು ತಲೆಯ ಮೇಲಿತ್ತು, ಕೈ ಮೇಲಿತ್ತು.

"ಏ, ಸುಮ್ನ ಕುಂಡ್ರ!" ಅಂದ ಅಲ್ಲಪ್ಪ.

"ಎಷ್ಟರ ಸುಮ್ಮನ ಕುಂಡ್ರಲಿ? ತಿನ್ನಾವ್ರು ನೀವು. ಬೂದಿ ಹಚ್ಚಿ ತಾಟ ತಿಕ್ಕಾಕಿ ನಾನು. ವಾಸನಿ ಹೋಗಲಿ ಅಂತ ಊದಬತ್ತಿ ಹಚ್ಚಾಕಿ ನಾನು. ನೋಡ್ರಿ ಸಾಹೇಬ್ರ, ತಿಕ್ಕಿ ತಿಕ್ಕಿ ಕೈ ಹೆಂಗಾಗ್ಯಾವ. ಈ ವಾರ ಮೀನ ಇಲ್ಲ ಅಂತ ತಾಟ ಒಗದಾಡಿದ್ರು. ಮೀನ ಇದ್ರೂ ನನಗ ಬೈಗಳ, ಇಲ್ಲದಿದ್ರೂ ಬೈಗಳ. ಬರಕೋರಿ, ನಮ್ಮ ಮನ್ಯಾಗ ತಿಂತಾರ."

ಆಮೇಲೆ ನಗು ಎದ್ದಿತು ನೋಡಿ, ಮಂಗಲ ಕಾರ್ಯಾಲಯದ ಮಾಡಿನ ಪತ್ರಾಸು ತಗಡು ಹಾರುವಷ್ಟು. ನಗುನಗುತ್ತಲೇ ಕೈಗಳು ಎದ್ದವು. ಮೊದಲು ಹೆಂಗಸರವು, ತಾಟು ತಿಕ್ಕುವ ಕೈಗಳು. ಆಮೇಲೆ ತಲೆಯ ಭಾಗ ಕೇಳುವವನದು. ಆಮೇಲೆ ಉಳಿದ ಬೆಕ್ಕುಗಳವು. ಕಡೆಗೆ ಅಲ್ಲಪ್ಪ ಒಂದು ಕೈಯಿಂದ ಮುಖ ಮುಚ್ಚಿಕೊಂಡು ಇನ್ನೊಂದು ಕೈ ಭುಜದವರೆಗೆ ಎತ್ತಿದ.

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. ಋತುಜಾಗೆ ಮರಾಠಿಯಲ್ಲಿ ಏನೋ ಹೇಳಿದರು. ಅವಳು ಹಳೆಯ ನಕಾಶೆ ಹೊರಗೆ ತೆಗೆದಳು. ಕೊನೆಯ ಮಾತು ಹೊಡೆದುಹಾಕಿಸಿ ಹೊಸದಾಗಿ ಬರೆಸಿದರು: ಮೀನಿನ ಪಾವಟಿಗೆ ಇಲ್ಲದೆ ಈ ಗೋಡೆಗೆ ಪರವಾನಗಿ ಕೊಡಬಾರದು ಎಂದು ಊರು ಕೇಳುತ್ತದೆ. ಹಳ್ಳದ ಆಚೆಯ ಕೇರಿಯೂ ಕೇಳುತ್ತದೆ. "ಮ್ಯಾಲಿನವ್ರು ಏನ್ ಮಾಡ್ತಾರ ನನಗ ಗೊತ್ತಿಲ್ಲವಾ," ಅಂದರು ನನಗೆ. "ನಾ ಇದನ್ನ ಹಿಂಗ ಕಳಸ್ತೇನಿ."

"ಕಳಸ್ರಿ," ಅಂದೆ. "ದಾರಿ ಇಲ್ಲದ ಗ್ವಾಡಿ ಎದ್ರ ಮತ್ತ ಇಲ್ಲೇ ಬಂದು ಕುಂಡ್ರತೇವಿ. ಈಗ ಜಾಗಾ ಗೊತ್ತಾಗೈತಿ."

ಮರುದಿನ ಬೆಳಿಗ್ಗೆ ತೆರೆದ ಬುಟ್ಟಿ ಹೊತ್ತು ಅಲ್ಲಪ್ಪನ ಮನೆಯ ಮುಂಬಾಗಿಲಿಗೆ ಹೋದೆ. ಮೆಟ್ಟಿಲ ಮೇಲೆ ಬುಟ್ಟಿ ಇಳಿಸಿ "ಮೀನ!" ಅಂದೆ. ಎದುರು ಮನೆಯ ಕಿಟಕಿ ತೆರೆಯಿತು. ಮುಚ್ಚಲಿಲ್ಲ.

ಒಳಗಿನಿಂದ ಅಲ್ಲಪ್ಪನ ಪಿಸುಮಾತು ಕೇಳಿಸಿತು. "ಲಗೂ ತಗೋ, ಲಗೂ ತಗೋ."

ಗೌರವ್ವ ಹೊರಗೆ ಬಂದಳು. ಒಂದು ಕೈಯಲ್ಲಿ ಅದೇ ಜರ್ಮನ್ ತಾಟು. ಇನ್ನೊಂದು ಕೈಯಲ್ಲಿ ನೀರು ತುಂಬಿದ ತಂಬಿಗೆ. ಅವಳಿಗೆ ಅದು ಕೈಯಲ್ಲಿರುವುದೇ ಗೊತ್ತಿರಲಿಲ್ಲ. ನನ್ನ ಕಾಲಿಗೆ ಗೊತ್ತಾಯಿತು. ತಾನಾಗಿಯೇ ಹಿಂದೆ ಸರಿಯಿತು. ಆ ಕಾಲನ್ನು ನಾನು ತಿರುಗಿ ಮುಂದೆ ತಂದು ಮೆಟ್ಟಿಲ ಮೇಲೆ ಊರಿದೆ.

ಗೌರವ್ವ ತಾಟು ಚಾಚಿದಳು. ನಾನು ಬುಟ್ಟಿಗೆ ಕೈ ಹಾಕಲಿಲ್ಲ.

"ಅಕ್ಕಾರ," ಅಂದೆ, "ಮೊದಲ ಆ ತಂಬಿಗಿ ಕೆಳಗ ಇಡ್ರಿ. ಆಮ್ಯಾಲ ಮೀನ."

ಅವಳು ತನ್ನ ಕೈ ನೋಡಿಕೊಂಡಳು. ನನ್ನ ಕಾಲು ನೋಡಿದಳು. ಓಣಿಯೆಲ್ಲ ನೋಡುತ್ತಿತ್ತು. ಒಳಗಿನಿಂದ ಅಲ್ಲಪ್ಪ, "ಏನಾತ? ಯಾಕ ತಡಾ?" ಅಂದ.

"ತಡೀರಿ!" ಅಂತ ಗೌರವ್ವ ಒಳಗಿನವನಿಗೆ ಹೇಳಿದಳು. ಬಾಗಿ, ತಂಬಿಗೆಯನ್ನು ಹೊಸ್ತಿಲ ಪಕ್ಕದಲ್ಲಿ ಇಟ್ಟಳು.